ಪತ್ರೊಡೆ ಪದ್ಧತಿಯ ತೊಟ್ಟಿಲು

ಮನುಷ್ಯಕುಲದ ಇತಿಹಾಸವೆಂದರೆ ನೆಟ್ಟಗಿದ್ದದ್ದನ್ನು ಬಗ್ಗಿಸುತ್ತ ಬಂದ ಇತಿಹಾಸ ಎಂಬುದು ನನ್ನ ಬಹುಕಾಲದ ಚಿಂತನೆಯ ಫಲ. ಬಿಲ್ಲು, ಕುಡುಗೋಲು, ಗಾಡಿಯ ಚಕ್ರ, ದೋಣಿಯ ಹೊಟ್ಟೆ, ಗುಡಿಯ ಕಮಾನು: ಮನುಷ್ಯ ಎಲ್ಲೆಲ್ಲಿ ಒಂದು ಹೆಜ್ಜೆ ಮುಂದಿಟ್ಟನೋ ಅಲ್ಲೆಲ್ಲ ಏನನ್ನಾದರೂ ಬಗ್ಗಿಸಿಯೇ ಇಟ್ಟಿದ್ದಾನೆ. ಬಹುಕಾಲದ ಚಿಂತನೆ ಎಂದೆನಲ್ಲ, ಸರಿಯಾಗಿ ಹೇಳಬೇಕೆಂದರೆ ಅದು ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಸುಮಾರು ಅರ್ಧ ಗಂಟೆ ನಡೆಯಿತು. ಆಗ ನಾನು ಹೊನ್ನಾವರದ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಕೂತಿದ್ದೆ. ನನ್ನ ಎಡಗೈಯ ಹೆಬ್ಬೆರಳೂ ತೋರುಬೆರಳೂ ಅಂಟು ಒಣಗಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಬಿಸಿನೀರು ತರುತ್ತೇನೆಂದು ಒಳಗೆ ಹೋದ ನನ್ನ ಹೆಂಡತಿ ಗಿರಿಜೆ ಈ ಸುದ್ದಿಯನ್ನು ಫೋನಿನಲ್ಲಿ ತನ್ನ ತಂಗಿಗೆ ಹೇಳಿ ನಗುತ್ತಿದ್ದಳು. ನೀರು ಬರುವವರೆಗೆ ಚಿಂತನೆಯ ಹೊರತು ಬೇರೆ ಕೆಲಸ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಿಷಯ ಇಷ್ಟು. ನಮ್ಮ ಮಗಳು ಚೈತ್ರಾ ಭಟ್ಕಳದಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾಳೆ. ಅವಳೂ ಅಳಿಯನೂ ಅಲ್ಲೇ ಒಂದು ಮನೆಯ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದಾರೆ. ಆಗ ಅವಳು ಚೊಚ್ಚಲ ಬಸುರಿ. ಹುಟ್ಟುವ ಮಗುವಿನ ತೊಟ್ಟಿಲು ತವರಿನಿಂದ ಹೋಗಬೇಕು. ಇದು ನಮ್ಮಲ್ಲಿ ಚರ್ಚೆಗೆ ಬರುವ ವಿಷಯವೇ ಅಲ್ಲ. ತೊಟ್ಟಿಲೂ ಇತ್ತು. ಕುಮಟೆಯ ಅಣ್ಣನ ಮನೆಯ ಅಟ್ಟದಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿಟ್ಟ, ಕಡೆದ ಕಂಬಿಗಳ, ನಾಲ್ಕು ಸರಪಳಿಯ ತೂಗುತೊಟ್ಟಿಲು. ಅಣ್ಣ ಅದರಲ್ಲಿ ಮಲಗಿದ್ದ, ನಾನು ಮಲಗಿದ್ದೆ, ಚೈತ್ರಾ ಮಲಗಿದ್ದಳು. ಇಲ್ಲದ್ದು ಒಂದೇ, ಅದನ್ನು ತೂಗುಹಾಕುವ ಕೊಂಡಿ. ಭಟ್ಕಳದ ಆ ಮನೆಯಲ್ಲಿ ತೊಲೆಯಿಲ್ಲ, ಜಂತಿಯಿಲ್ಲ. ತಲೆಯೆತ್ತಿದರೆ ಕಾಂಕ್ರೀಟಿನ ನುಣ್ಣನೆಯ ಬಿಳಿ ಆಕಾಶ.

ಒಂದು ಕೊಂಡಿ ಹಾಕಿಸಿಕೊಳ್ಳಬಹುದೇ ಎಂದು ಕೇಳಲು ನಾನೇ ಹೋಗಿದ್ದೆ. ಮನೆಯ ಯಜಮಾನಿ ಭಟ್ಕಳದ ನವಾಯತ ಮುಸ್ಲಿಮರ ಹಿರಿಯ ಹೆಂಗಸು, ಕೆಳಗಿನ ಮನೆಯಲ್ಲೇ ಇರುವವರು. ಚೈತ್ರಾ ಅವರನ್ನು ಖಾಲಾ ಎಂದು ಕರೆಯುತ್ತಾಳೆ. ಅವರು ಮೊದಲು ಚಹಾ ಕೊಟ್ಟರು, ಆಮೇಲೆ ತಿಂಡಿ ಕೊಟ್ಟರು, ಆಮೇಲೆ ಆಗುವುದಿಲ್ಲ ಎಂದರು.

"ಮಾಸ್ಟರ್ ಸಾಬ್, ಬೇರೆ ಎಂತ ಬೇಕಾದ್ರೂ ಕೇಳಿ. ಚೈತ್ರಾ ನಂಗೆ ಮಗಳ ಹಾಗೆ. ಆದ್ರೆ ಛತ್ತಿಗೆ ಡ್ರಿಲ್ ಮಾತ್ರ ಬೇಡ. ಒಂದ್ಸಲ ತೂತು ಬಿದ್ರೆ ಮಳೆನೀರಿಗೆ ದಾರಿ ಗೊತ್ತಾಗ್ತದೆ. ಮತ್ತೆ ಅದು ಮರಿಯುದೇ ಇಲ್ಲ."

ನಮ್ಮ ಕಡೆಯ ಮಳೆಯನ್ನು ಅರವತ್ತು ವರ್ಷ ಕಂಡವನು ನಾನು. ಅದರ ಜ್ಞಾಪಕಶಕ್ತಿಯ ಬಗ್ಗೆ ನನಗೂ ಸಂಶಯವಿಲ್ಲ. ಇನ್ನೊಂದು ತಟ್ಟೆ ತಿಂಡಿ ತಿಂದು ಬಂದೆ.

ಸುದ್ದಿ ಕುಮಟೆಗೆ ತಲುಪಿತು. ಕುಮಟೆಯಲ್ಲಿ ನಮ್ಮ ಬೀಗಿತಿ, ಅಂದರೆ ಅಳಿಯನ ತಾಯಿ, ಸುಶೀಲಕ್ಕ ಇದ್ದಾರೆ. ವರ್ಷಗಟ್ಟಲೆ ಹೊಲಿಗೆ ಕ್ಲಾಸು ನಡೆಸಿದವರು. ಊರಿನ ಅರ್ಧ ಹೆಣ್ಣುಮಕ್ಕಳಿಗೆ ನೇರ ಹೊಲಿಗೆ ಎಂದರೇನೆಂದು ತೋರಿಸಿಕೊಟ್ಟವರು. ಅವರ ಫೋನು ಬಂತು.

"ಅದಕ್ಕೆಂತ ಮಾಸ್ತರ್ರೇ ಇಷ್ಟು ತಲೆಬಿಸಿ? ಇಲ್ಲಿ ಪೇಟೆಲಿ ಸ್ಟೀಲಿಂದು ಸಿಕ್ತದೆ. ಕೆಳಗೆ ಚಕ್ರ, ಮೇಲೆ ಸೊಳ್ಳೆಪರದೆ. ಬಟನ್ ಒತ್ತಿದ್ರೆ ಹಾಡೂ ಹೇಳ್ತದೆ."

ಹಾಡು ಹೇಳುವ ತೊಟ್ಟಿಲು! ಹಾಗಾದರೆ ಮನೆಯ ಹೆಂಗಸರು ಮಾಡುವುದೇನು, ಪಕ್ಕದಲ್ಲಿ ನಿಂತು ತಾಳ ಹಾಕುವುದೇ? ಆ ಕ್ಷಣದಲ್ಲಿ ನನ್ನೊಳಗೆ ತವರುಮನೆಯೆಂಬ ಸಂಸ್ಥೆಯ ಸಮಸ್ತ ಗೌರವವೂ ಎದ್ದು ನಿಂತಿತು. "ಬೇಡ ಸುಶೀಲಕ್ಕ, ತೊಟ್ಟಿಲು ಇಲ್ಲಿಂದಲೇ ಹೋಗ್ತದೆ. ಅದೇ ಹಳೇ ತೊಟ್ಟಿಲು. ಕೊಂಡಿ ಇಲ್ಲದೇನೂ ತೂಗ್ತದೆ. ಅಡಿಗೆ ಎರಡು ಬಾಗಿದ ಕಾಲು ಕೂರಿಸ್ತೆ, ನಾನೇ ಮಾಡ್ತೆ" ಎಂದುಬಿಟ್ಟೆ.

"ಹೌದಾ? ನೋಡ್ವ" ಎಂದರು ಸುಶೀಲಕ್ಕ.

ಈ "ನೋಡ್ವ" ಎಂಬ ಮಾತಿಗೆ ನಮ್ಮ ಕರಾವಳಿಯಲ್ಲಿ ಎಷ್ಟು ತೂಕವಿದೆಯೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳಿ ಪ್ರಯೋಜನವಿಲ್ಲ.

ನನ್ನ ಯೋಗ್ಯತೆಯ ಬಗ್ಗೆ ಎರಡು ಮಾತು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನ ಸ್ಥಾನ ಊಟದೆಲೆಯ ತುದಿಯ ಉಪ್ಪಿನದು. ಬಡಿಸುವುದು ಮೊದಲು, ಲೆಕ್ಕಕ್ಕೆ ಹಿಡಿಯುವುದು ಕೊನೆಗೆ. ಗಣಿತದವರಿಗೆ ಪೀರಿಯಡ್ ಸಾಲದಿದ್ದರೆ ನನ್ನದನ್ನು ಕೇಳದೆಯೇ ತೆಗೆದುಕೊಳ್ಳುತ್ತಿದ್ದರು. ಆದರೆ ಒಂದು ವಿದ್ಯೆಯಲ್ಲಿ ಅವರು ನನ್ನ ಮುಂದೆ ತಲೆ ತಗ್ಗಿಸಲೇಬೇಕಿತ್ತು. ಕೈವಾರವಿಲ್ಲದೆ, ಉಸಿರು ಹಿಡಿದು, ಒಂದೇ ಬೀಸಿಗೆ ಕಪ್ಪುಹಲಗೆಯ ಮೇಲೆ ನಾನು ವೃತ್ತ ಬರೆಯುತ್ತಿದ್ದೆ. ಶುರುವಾದ ಬಿಂದುವಿಗೇ ಬಂದು ಸೇರುವ ವೃತ್ತ. ಗಣಿತದ ಮಾಸ್ತರರು ವರ್ಗದ ಹುಡುಗರನ್ನು ಕಳಿಸಿ "ಸರ್, ಒಂದು ಸರ್ಕಲ್ ಹಾಕಿ ಕೊಡಬೇಕಂತೆ" ಎಂದು ನನ್ನನ್ನು ಕರೆಸುತ್ತಿದ್ದರು. ನಾನು ಹೋಗಿ, ಹಾಕಿ, ಚಾಕ್‌ಪೀಸಿನ ಪುಡಿ ಕೊಡವಿ, ಮಾತಾಡದೆ ಹೊರಬರುತ್ತಿದ್ದೆ. ಮಾತಾಡಿದ್ದರೆ ಅದರ ಗಾಂಭೀರ್ಯ ಹೋಗುತ್ತಿತ್ತು.

ಬಾಗಿದ್ದರ ಮೇಲಿನ ಪ್ರೀತಿ ಅದಕ್ಕೂ ಹಿಂದಿನದು. ಕುಮಟೆಯಲ್ಲಿ ನಾವು ಹುಡುಗರು ಮುರಿದ ಕೊಡೆಯ ಕಡ್ಡಿಯನ್ನು ಬಗ್ಗಿಸಿ ಬಿಲ್ಲು ಮಾಡುತ್ತಿದ್ದೆವು. ಮಳೆಗಾಲದಲ್ಲಿ ಊರಿನ ಕೊಡೆಗಳೆಲ್ಲ ಗಾಳಿಗೆ ಸಿಕ್ಕಿ ಉಲ್ಟಾ ಆಗುವುದನ್ನು ದೊಡ್ಡವರು ನಷ್ಟವೆಂದು ನೋಡುತ್ತಿದ್ದರು, ನಾವು ಸುಗ್ಗಿಯೆಂದು ನೋಡುತ್ತಿದ್ದೆವು. ಅಪ್ಪನ ಕೊಡೆಯ ಹಿಡಿ ಬೆತ್ತದ್ದು, ಕೊಕ್ಕೆಯಂತೆ ಬಾಗಿದ್ದು. ಅದನ್ನು ಅಂಗಿಯ ಕಾಲರಿಗೆ ಬೆನ್ನ ಹಿಂದೆ ಸಿಕ್ಕಿಸಿಕೊಂಡು ಎರಡೂ ಕೈ ಬೀಸುತ್ತ ಅವರು ಪೇಟೆಯಲ್ಲಿ ನಡೆಯುವುದನ್ನು ನೋಡಿ, ದೊಡ್ಡವನಾದ ಮೇಲೆ ನಾನೂ ಹೀಗೇ ನಡೆಯಬೇಕೆಂದುಕೊಂಡಿದ್ದೆ. ದೊಡ್ಡವನಾಗುವಷ್ಟರಲ್ಲಿ ಕೊಡೆ ಮೂರು ಮಡಿಕೆಯದಾಗಿ ಚೀಲದೊಳಗೆ ಹೋಗಿತ್ತು. ಕಾಲರು ಮಾತ್ರ ಉಳಿದಿದೆ.

ತದಡಿಯಲ್ಲಿ ಸೋದರಮಾವನ ಮನೆಗೆ ಹೋದಾಗ ದೋಣಿ ಕಟ್ಟುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಆಗೆಲ್ಲ ದೋಣಿಯ ಪಕ್ಕೆಲುಬಿಗೆ ಹುಟ್ಟುತ್ತಲೇ ಬಾಗಿದ ಕೊಂಬೆಯನ್ನೇ ಹುಡುಕಿ ತರುತ್ತಿದ್ದರು. ಗಾಳಿ ಬಗ್ಗಿಸಿಕೊಟ್ಟದ್ದನ್ನು ಮನುಷ್ಯ ಮತ್ತೆ ಬಗ್ಗಿಸುವ ಅಗತ್ಯವಿಲ್ಲವಷ್ಟೆ. ನಾನೂ ಮೊದಲು ಅದೇ ದಾರಿ ಹಿಡಿದೆ. ತೊಟ್ಟಿಲ ಕಾಲಿಗಾಗಿ ಬಾಗಿದ ಕೊಂಬೆ ಹುಡುಕುತ್ತ ಸುತ್ತಮುತ್ತಲಿನ ಬೇಲಿಗಳನ್ನೆಲ್ಲ ಪರೀಕ್ಷಿಸಿದೆ. ಒಂದೇನೋ ಸಿಕ್ಕಿತು, ಅಂದವಾಗಿಯೇ ಇತ್ತು. ಅದರ ಅವಳಿ ಮಾತ್ರ ಲೋಕದಲ್ಲಿ ಎಲ್ಲಿಯೂ ಹುಟ್ಟಿರಲಿಲ್ಲ. ಅಗಲ ಹಲಗೆಯಿಂದ ಬಾಗಿದ ತುಂಡನ್ನೇ ಕೊಯ್ದು ತೆಗೆಯಬಹುದಿತ್ತು. ಹಾಗೆ ಮಾಡಿದರೆ ಮರದ ನಾರು ನಡುನಡುವೆ ಕಡಿದುಹೋಗುತ್ತದೆ. ಭಾರ ಬಿದ್ದ ದಿನ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಮೊಮ್ಮಗುವಿನ ಅಡಿಗೆ ಬಿಸ್ಕತ್ತು ಇಡಲು ನಾನು ಸಿದ್ಧನಿರಲಿಲ್ಲ.

ಉಳಿದದ್ದು ಮೂರನೆಯ ದಾರಿ. ದಪ್ಪ ಮರ ಬಗ್ಗುವುದಿಲ್ಲ, ತೆಳುವಾದದ್ದು ಬಗ್ಗುತ್ತದೆ. ಆದ್ದರಿಂದ ಮರವನ್ನು ತೆಳ್ಳಗೆ ಪಟ್ಟಿಪಟ್ಟಿಯಾಗಿ ಸೀಳಿಸುವುದು, ಪ್ರತಿ ಪಟ್ಟಿಗೂ ಅಂಟು ಬಳಿಯುವುದು, ಒಂದರ ಮೇಲೊಂದು ಪೇರಿಸಿ ಬಾಗಿದ ಅಚ್ಚಿನ ಮೇಲೆ ಬಿಗಿದು ಕಟ್ಟುವುದು. ಅಂಟು ಒಣಗಿದ ಮೇಲೆ ಕಟ್ಟು ಬಿಚ್ಚಿದರೆ ಪಟ್ಟಿಗಳು ನೆಟ್ಟಗಾಗಲು ಹೊರಡುತ್ತವೆ, ಆದರೆ ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಯಾವುದಕ್ಕೂ ಹೋಗಲಾಗುವುದಿಲ್ಲ. ಕೂಡುಕುಟುಂಬದ ತತ್ವವೇ ಇದು.

ಕುಮಟೆಯ ಮರದ ಮಿಲ್ಲಿನಲ್ಲಿ ಸಾಗವಾನಿಯ ಪಟ್ಟಿ ಸೀಳಿಸಿದೆ. ಎರಡು ಬೆರಳಗಲ, ನಾಣ್ಯದ ದಪ್ಪ. ಮಿಲ್ಲಿನವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಎಂತಕ್ಕೆ ಮಾಸ್ತರ್ರೇ ಇದು, ಐಸ್‌ಕ್ರೀಮ್ ಫ್ಯಾಕ್ಟರಿ ಹಾಕ್ತ್ರಾ?" ಎಂದ. ನಾನು ವಿವರಿಸಲಿಲ್ಲ. ಪಟ್ಟಿ ಮುರಿದೀತೆಂಬ ಲೆಕ್ಕದಲ್ಲಿ ಕೆಲವನ್ನು ಹೆಚ್ಚಿಗೆ ತಂದೆ.

ಮನೆಯಲ್ಲಿ ವಿವರಿಸಬೇಕಾಯಿತು. ಗಿರಿಜೆ ಕೊನೆಯವರೆಗೆ ಕೇಳಿ, "ಇದೆಂತ, ಪತ್ರೊಡೆಯೇ ಆತಲ್ಲ!" ಎಂದಳು.

"ಪತ್ರೊಡೆಯೇ?"

"ಮತ್ತೆಂತ? ಒಂದು ಕೆಸುವಿನ ಎಲೆ, ಮೇಲೆ ಹಿಟ್ಟು, ಮತ್ತೊಂದು ಎಲೆ, ಮತ್ತೆ ಹಿಟ್ಟು. ಸುತ್ತಿ ಬಿಗಿಯಾಗಿ ಕಟ್ಟುದು. ನೀವು ಎಲೆ ಬದಲು ಮರ, ಹಿಟ್ಟಿನ ಬದಲು ಅಂಟು. ಇದನ್ನ ಕಲಿಯುಕೆ ಮೂರು ದಿನ ಮೊಬೈಲ್ ನೋಡುದು ಎಂತಕ್ಕೆ ಬೇಕಿತ್ತು? ನನ್ನ ಕೇಳಿದ್ರೆ ಆಗ್ತಿತ್ತು."

ಹೋಲಿಕೆ ಎಷ್ಟು ಸರಿಯಾಗಿತ್ತೆಂದರೆ ನನಗೆ ಕೊಂಚ ಅಸೂಯೆಯಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ಪತ್ರೊಡೆ ಎಂದೇ ಹೆಸರು. ತೊಟ್ಟಿಲ ಕಾಲಿಗೆ ನಾನು ಬಾಗುಗಾಲು ಎಂದು ಹೆಸರಿಟ್ಟೆ. ಬಡಗಿಗಳು ಏನೆನ್ನುತ್ತಾರೋ ಗೊತ್ತಿಲ್ಲ, ಗೊತ್ತಾದರೂ ಬದಲಾಯಿಸುವವನಲ್ಲ.

ಮೇ ತಿಂಗಳಲ್ಲಿ ಮೊದಲ ಬಾಗುಗಾಲು. ಅಚ್ಚಿಗೆ ನನ್ನ ಹಳೆಯ ಡ್ರಾಯಿಂಗ್ ಬೋರ್ಡನ್ನೇ ಬಲಿ ಕೊಟ್ಟೆ. ಹಲಸಿನ ಮರದ ಬುಡಕ್ಕೆ ದಾರ ಕಟ್ಟಿ, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ, ಕಮಾನು ಎಳೆದೆ. ಕಟ್ಟು ಬಿಚ್ಚಿದ ಮೇಲೆ ಮರ ತುಸು ಹಿಂದಕ್ಕೆ ಸರಿಯುತ್ತದೆಂದು ಗೊತ್ತಿದ್ದರಿಂದ ಬೇಕಾದ್ದಕ್ಕಿಂತ ಒಂದು ಕೂದಲು ಹೆಚ್ಚೇ ಬಗ್ಗಿಸಿ ಎಳೆದೆ. ಅಚ್ಚಿಗೇ ಅಂಟಿಕೊಳ್ಳದಂತೆ ಮಧ್ಯೆ ಬಿಡಿಸಿದ ಹಾಲಿನ ಪ್ಯಾಕೆಟ್ಟುಗಳು. ಬಿಗಿಯಲು ಕಬ್ಬಿಣದ ಕ್ಲ್ಯಾಂಪು ನನ್ನಲ್ಲಿದ್ದದ್ದು ಎರಡು, ಬೇಕಾದದ್ದು ಹತ್ತಕ್ಕೂ ಹೆಚ್ಚು. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಪಟ್ಟಿಯಾಗಿ ಕತ್ತರಿಸಿ, ಎಳೆದೆಳೆದು ಸುತ್ತಿದೆ. ಇದನ್ನು ಯಾರಾದರೂ ಮಾಡಹೊರಟರೆ ನನ್ನ ಒಂದೇ ಬುದ್ಧಿಮಾತು: ನಡುವಿನಿಂದ ತುದಿಗೆ ಸುತ್ತಿ, ತುದಿಯಿಂದ ನಡುವಿಗೆ ಬೇಡ, ಮತ್ತು ಎಡಗೈ ಬೆರಳುಗಳನ್ನು ದೂರದೂರ ಇಟ್ಟುಕೊಳ್ಳಿ. ಬಿಸಿಲಿಗೆ ಅಂಟು ಗರಿಗರಿಯಾಗಿ ಒಣಗಿತು. ಬಿಚ್ಚಿದಾಗ ಕೈಯಲ್ಲಿ ಉಳಿದದ್ದು ಅಂದವಾದ, ಗಟ್ಟಿಯಾದ, ನನ್ನ ಕಪ್ಪುಹಲಗೆಯ ವೃತ್ತದ ಒಂದು ಚೂರು. ಅದನ್ನು ಗೋಡೆಗೆ ಒರಗಿಸಿಟ್ಟು, ಕುರ್ಚಿ ಹಾಕಿಕೊಂಡು ಎದುರು ಕೂತೆ.

"ನೋಡ್ತಾ ಕೂತ್ರೆ ಇನ್ನೊಂದು ತನ್ನಿಂದತಾನೇ ಆಗುದಿಲ್ಲ" ಎಂದಳು ಗಿರಿಜೆ ಒಳಗಿನಿಂದ.

ಇನ್ನೊಂದನ್ನು ಶುರುಮಾಡುವಷ್ಟರಲ್ಲಿ ಮಳೆಗಾಲ ಬಂತು. ಚೈತ್ರಾಳೂ ಹೆರಿಗೆಗೆಂದು ಬಂದಳು. ನಮ್ಮ ಜೂನ್ ಹೇಗಿರುತ್ತದೆಂದು ನಿಮಗೆ ಗೊತ್ತು. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಕರಗಿ ನೀರಾಗಿರುತ್ತದೆ, ಬೆಂಕಿಕಡ್ಡಿ ಗೀರಿದರೆ ಹಿಟ್ಟಾಗುತ್ತದೆ. ಈ ಬಿಳಿ ಅಂಟು ಒಣಗಿದರೆ ಗಾಜಿನಂತೆ ತಿಳಿಯಾಗಬೇಕು. ಅದು ದಿನದ ಮೇಲೆ ದಿನ ಮೊಸರಿನಂತೆ ಬೆಳ್ಳಗೇ ಕೂತಿತ್ತು. ಆ ಹೊತ್ತಿಗೆ ಸರಿಯಾಗಿ ಚೈತ್ರಾಳ ಬಯಕೆಯೆಂದು ಅಡಿಗೆಮನೆಯಲ್ಲಿ ಪತ್ರೊಡೆ ಬೇಯುತ್ತಿತ್ತು. ಹಬೆಯ ವಾಸನೆ ಜಗಲಿಗೆ ಬಂತು, ಅದರ ಜೊತೆಗೆ ಒಂದು ಯೋಚನೆಯೂ ಬಂತು. ಪತ್ರೊಡೆಯ ಎಲೆಗಳು ಒಂದಕ್ಕೊಂದು ಹಿಡಿದುಕೊಳ್ಳುವುದು ಯಾವಾಗ? ಕಟ್ಟಿದಾಗ ಅಲ್ಲ, ಬೆಂದಾಗ!

ಬಚ್ಚಲುಮನೆಯಲ್ಲಿ ಹಂಡೆಯ ಒಲೆಗೆ ಆಗ ಬಿಡುವಿರಲಿಲ್ಲ. ಬಸುರಿಗೆ ಬೆಳಿಗ್ಗೆ ಸಂಜೆ ಬಿಸಿನೀರು. ಅದರ ಮೇಲ್ಗಡೆ ಮುರುಗಲ ಹಣ್ಣಿನ ಸಿಪ್ಪೆ ಒಣಗಿಸುವ ಬಿದಿರಿನ ತಟ್ಟಿ. ಸಿಪ್ಪೆಯನ್ನು ಬದಿಗೆ ಸರಿಸಿ ಅಚ್ಚನ್ನು ಅಲ್ಲಿಟ್ಟೆ. ಮರುದಿನಕ್ಕೆ ಅಂಟು ತಿಳಿಯಾಯಿತು. ಬೆಚ್ಚಗಿರುವಾಗಲೇ ಟ್ಯೂಬು ಬಿಚ್ಚಿದೆ. ಮೊದಲಿನದರ ಮೇಲೆ ಇಟ್ಟು ನೋಡಿದರೆ ತುದಿಯಲ್ಲಿ ಸಣ್ಣಗೆ ಬೆಳಕು ಕಾಣಿಸುತ್ತಿತ್ತು. ಯಾರ ಎರಡು ಹುಬ್ಬೂ ಸರಿಸಮ ಇರುವುದಿಲ್ಲವೆಂದು ಡ್ರಾಯಿಂಗ್ ಮಾಸ್ತರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡನ್ನೂ ಅಡ್ಡಪಟ್ಟಿಗಳಿಂದ ಜೋಡಿಸಿದೆ, ಮೇಲೆ ಕುಮಟೆಯಿಂದ ತರಿಸಿದ ಹಳೆಯ ತೊಟ್ಟಿಲ ಗೂಡನ್ನು ಸ್ಕ್ರೂ ಹಾಕಿ ಕೂರಿಸಿದೆ. ನೋಡಿದವರೆಲ್ಲ ಚಂದವಾಗಿದೆ ಎಂದರು.

ನೋಡುವುದಕ್ಕಷ್ಟೇ ಅವಕಾಶ. ತೂಗುವುದಕ್ಕಿರಲಿಲ್ಲ. ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಹೊಟ್ಟೆನೋವು ಬರುತ್ತದೆ ಎಂಬುದು ನಮ್ಮಲ್ಲಿ ಕಾಯಿದೆ. ನಾನು ಒಮ್ಮೆ ಅದರ ಅಂಚಿಗೆ ಕೈ ಇಟ್ಟದ್ದಕ್ಕೇ ಗಿರಿಜೆ, "ಕೈ ತೆಗೀರಿ!" ಎಂದು ಕೂಗಿದ ದನಿಗೆ ಪಕ್ಕದ ಮನೆಯವರು ತಮ್ಮ ಕೈ ತೆಗೆದಿರಬೇಕು.

ಜುಲೈ ಮೊದಲಲ್ಲಿ ಹೊನ್ನಾವರದ ಆಸ್ಪತ್ರೆಯಲ್ಲಿ ಚೈತ್ರಾಳಿಗೆ ಹೆಣ್ಣುಮಗುವಾಯಿತು. ಹನ್ನೆರಡನೆಯ ದಿನ ನಮ್ಮ ಮನೆಯಲ್ಲೇ ನಾಮಕರಣವೆಂದು ನಿಶ್ಚಯವಾಯಿತು. ಬಾಣಂತಿ ಮನೆಗೆ ಬಂದ ಎರಡನೆಯ ದಿನಕ್ಕೆ ಸುಶೀಲಕ್ಕ ಲೇಹ್ಯದ ಡಬ್ಬಿ ಹಿಡಿದು ಬಂದರು. ಮಗುವನ್ನು ನೋಡಿದರು, ಸೊಸೆಯನ್ನು ನೋಡಿದರು, ಆಮೇಲೆ ಕನ್ನಡಕ ಹಾಕಿಕೊಂಡು ತೊಟ್ಟಿಲನ್ನು ನೋಡಿದರು.

"ಚಂದ ಆಗಿದೆ ಮಾಸ್ತರ್ರೇ. ತೂಗಿ ನೋಡಿದ್ರಾ?"

"ಖಾಲಿ ತೊಟ್ಟಿಲು ತೂಗುದು ಹೆಂಗೆ?"

"ಅದೂ ಹೌದು. ಹಂಗಂತ ಪರೀಕ್ಷೆಗೆ ಮಗುವನ್ನೇ ಹಾಕುಕೆ ಆಗ್ತದಾ?"

ಪ್ರಶ್ನೆ ನ್ಯಾಯವಾದದ್ದು. ಜಗಲಿಯಲ್ಲಿ ಸಭೆ ಸೇರಿತು. ಮಗುವಿಗೆ ಬದಲಾಗಿ ಏನು ಹಾಕಿ ತೂಗಬಹುದು? ಕುಂಬಳಕಾಯಿ ಎಂದೆ. ಕುಂಬಳಕಾಯಿ ದೃಷ್ಟಿ ತೆಗೆದು ಒಡೆಯುವುದಕ್ಕಿರುವುದು ಎಂದು ಗಿರಿಜೆ ಬೈದಳು. ಅರೆಯುವ ಗುಂಡುಕಲ್ಲು ಎಂದೆ. ಅದು ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಬೇಕಾದದ್ದು, ಮುಂಚಿತವಾಗಿ ಮಲಗಿಸುವ ಹಾಗಿಲ್ಲ ಎಂದು ಸುಶೀಲಕ್ಕ ತಡೆದರು. ಬೆಕ್ಕ​ನ್ನು ಸೂಚಿಸಿದ್ದು ಚೈತ್ರಾ, ಒಳಗಿನಿಂದ. ಬೆಕ್ಕು ಒಪ್ಪಲಿಲ್ಲ. ಕೊನೆಗೆ ನನಗೇ ಹೊಳೆಯಿತು.

"ಗೂಡು ಬಿಚ್ಚಿ ತೆಗೆದ್ರೆ ಅಡಿಗೆ ಉಳಿಯುದು ತೊಟ್ಟಿಲೋ, ಬರೀ ಮರವೋ?"

ಇಬ್ಬರೂ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಹಳ ಹೊತ್ತು ಯೋಚಿಸಿ, "ಬರೀ ಮರ" ಎಂದು ತೀರ್ಪು ಕೊಟ್ಟರು.

ಸ್ಕ್ರೂ ಬಿಚ್ಚಿ ಗೂಡನ್ನು ಬದಿಗಿಟ್ಟು, ಅಡ್ಡಪಟ್ಟಿಗಳ ಮೇಲೆ ಒಂದು ಹಲಗೆ ಹಾಕಿ, ನಾನೇ ಹತ್ತಿ ಕೂತೆ. ಮರ ಕಿರ್ರೆನ್ನಲೂ ಇಲ್ಲ. ಇಂಥ ಗಟ್ಟಿ ಕೆಲಸಕ್ಕೆ ಒಬ್ಬರಾದರೂ ಮೆಚ್ಚುಗೆ ಹೇಳಬಹುದಿತ್ತು. ಮೆಲ್ಲಗೆ ತೂಗಿಕೊಳ್ಳತೊಡಗಿದೆ. ಬಹಳ ಹಿತವಾಗಿತ್ತು. ಕೂತಾಗ ನನ್ನೆದುರು ತುಳಸಿಕಟ್ಟೆಯಿತ್ತು. ಸ್ವಲ್ಪ ಹೊತ್ತಿನಲ್ಲಿ ಹಲಸಿನ ಮರ ಬಂತು. ಇನ್ನು ಸ್ವಲ್ಪ ಹೊತ್ತಿಗೆ ಬಚ್ಚಲುಮನೆಯ ಬಾಗಿಲು ಬಂದು ನಿಂತಿತು. ನಾನು ತಿರುಗಿದ್ದೇನೆಂದು ನನಗೆ ಅನಿಸಲೇ ಇಲ್ಲ. ಬಚ್ಚಲುಮನೆಯೇ ನನ್ನನ್ನು ಹುಡುಕಿಕೊಂಡು ಬಂದ ಹಾಗಿತ್ತು.

ಸುಶೀಲಕ್ಕ ನಗುತ್ತ ನಗುತ್ತ ಕಂಬ ಹಿಡಿದು ಕೂತುಬಿಟ್ಟರು. "ಮಾಸ್ತರ್ರೇ, ಇದು ತೊಟ್ಟಿಲಲ್ಲ, ಭಟ್ಕಳದ ಬಸ್ಸು! ಮಗುವನ್ನ ಹಾಕಿ ಇಲ್ಲಿಂದ ತೂಗಿದ್ರೆ ಸಾಕು, ಸಂಜೆಗೆ ತಾನೇ ಹೋಗಿ ಮುಟ್ತದೆ."

ಎಲ್ಲರೂ ನಕ್ಕು ಮುಗಿದ ಮೇಲೆ ಅವರು ಕನ್ನಡಕ ಒರೆಸಿಕೊಂಡು ಮೆಲ್ಲನೆ ಹೇಳಿದರು: "ನಗು ಬೇರೆ. ಮೇಲಿನ ಮಹಡಿಯ ಮನೆ ಅದು, ಬಾಗಿಲ ಹೊರಗೇ ಮೆಟ್ಟಿಲು. ಚೈತ್ರಾ ತೂಗಿಬಿಟ್ಟು ಒಲೆ ಮೇಲಿನ ಹಾಲು ನೋಡುಕೆ ಹೋದ್ಲು ಅಂತ ಇಟ್ಕೊಳ್ಳಿ."

ನಾನು ಹಲಗೆಯಿಂದ ಕೆಳಗಿಳಿದೆ.

"ನಾಮಕರಣದ ಹಿಂದಿನ ದಿನದವರೆಗೆ ಕಾಯ್ತೆ. ಸರಿಯಾಗದಿದ್ರೆ ಸ್ಟೀಲಿಂದೇ ತರಿಸ್ತೆ. ಬೇಜಾರು ಮಾಡ್ಕಬೇಡಿ."

ಬೇಜಾರು ಮಾಡಿಕೊಳ್ಳುವಂತಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಅಷ್ಟು ದಿನವೂ ಕಾಯುತ್ತಿರಲಿಲ್ಲ.

ಎರಡು ಬಾಗುಗಾಲುಗಳನ್ನೂ ನೆಲದ ಮೇಲಿಟ್ಟು ಅಳೆದೆ. ಎರಡನೆಯದು ಇನ್ನಷ್ಟು ಬಿಚ್ಚಿಕೊಂಡಿತ್ತು. ಎರಡರ ಬಾಗು ಸಮವಿಲ್ಲದ್ದರಿಂದಲೇ ತೂಗಿದಷ್ಟೂ ತಿರುಗುತ್ತಿತ್ತು. ಬಿಸಿಗೆ ಈ ಅಂಟು ಒಳಗೊಳಗೇ ಮೆತ್ತಗಾಗುತ್ತದೆ. ಮೆತ್ತಗಿರುವಾಗ ನಾನು ಕಟ್ಟು ಬಿಚ್ಚಿದ್ದರಿಂದ ಪಟ್ಟಿಗಳು ಒಂದರ ಮೇಲೊಂದು ಸದ್ದಿಲ್ಲದೆ ಜಾರಿದ್ದವು. ಬೆರಳು ಅಂಟಿಕೊಂಡಾಗ ಅದನ್ನು ಬಿಡಿಸಿದ್ದೇ ಬಿಸಿನೀರು. ಅಂದರೆ ಪಾಠ ನನ್ನ ಕೈಬೆರಳ ತುದಿಯಲ್ಲೇ ಇತ್ತು. ಹಾಗಿದ್ದೂ ನಾನು ಬಚ್ಚಲ ಒಲೆಯನ್ನು ನಂಬಿದ್ದಕ್ಕೆ ಪತ್ರೊಡೆಯೇ ಕಾರಣ, ಮತ್ತು ಆ ಹೋಲಿಕೆ ನನ್ನದಾಗಿರಲಿಲ್ಲ. ಈ ಅಂಶವನ್ನು ಗಿರಿಜೆಯ ಗಮನಕ್ಕೆ ತಂದೆ.

"ಪತ್ರೊಡೆ ಬೆಂದ ಕೂಡ್ಲೆ ಯಾರಾದ್ರೂ ಕಟ್ಟು ಬಿಚ್ಚುತ್ರಾ?" ಎಂದಳು. "ಆರುಕೆ ಬಿಡಬೇಕು. ಬಿಸಿಬಿಸಿ ಬಿಚ್ಚಿದ್ರೆ ಎಲೆ ಬಿಟ್ಕಳ್ತದೆ. ಕೇಳಿದ್ರೆ ಹೇಳ್ತಿದ್ದೆ."

ಹೆಚ್ಚಿಗೆ ತಂದಿದ್ದ ಪಟ್ಟಿಗಳು ಸರಿಯಾಗಿ ಇನ್ನೊಂದು ಕಾಲಿಗೆ ಸಾಕಾಗುವಷ್ಟಿದ್ದವು. ಒಂದು ಮುರಿದರೂ ಮುಗಿಯಿತು. ಉಸಿರು ಹಿಡಿದು, ಹಳೆಯ ವೃತ್ತ ಬರೆಯುವ ಏಕಾಗ್ರತೆಯಲ್ಲಿ ಅಂಟು ಬಳಿದೆ, ಪೇರಿಸಿದೆ, ನಡುವಿನಿಂದ ತುದಿಗೆ ಸುತ್ತಿದೆ. ಯಾವುದೂ ಮುರಿಯಲಿಲ್ಲ. ಈಗ ಪ್ರಶ್ನೆ ಒಣಗಿಸುವುದೆಲ್ಲಿ? ಹೊರಗೆ ಮಳೆ ಗೋಡೆಯಂತೆ ನಿಂತಿತ್ತು. ಒಲೆಯ ಹತ್ತಿರ ಸುಳಿಯುವಂತಿಲ್ಲ. ಇಡೀ ಮನೆಯಲ್ಲಿ ತೇವವಿಲ್ಲದ ಜಾಗ ಒಂದೇ, ಬಾಣಂತಿಯ ಕೋಣೆ. ಕಿಟಕಿ ಮುಚ್ಚಿ, ಗಾಳಿ ತಡೆದು, ಮೂಲೆಯಲ್ಲಿ ಸಣ್ಣದೊಂದು ಕೆಂಡದ ಮಡಕೆ ಇಟ್ಟು ಹದವಾಗಿ ಕಾಪಾಡಿದ ಕೋಣೆ. ಬಿಸಿಯಲ್ಲ, ಬೆಚ್ಚಗೆ.

ಗಿರಿಜೆ, "ಬಾಣಂತಿ ಕೋಣೆಲಿ ಬಡಗಿ ಕೆಲಸವಾ? ಮಳ್ಳು ಹಿಡಿದಿದೆ ನಿಮಗೆ" ಎಂದಳು. ಚೈತ್ರಾ ಮಾತ್ರ ಮಲಗಿದಲ್ಲಿಂದಲೇ, "ತಕಂಬಾ ಅಪ್ಪ, ಮಂಚದ ಅಡಿಗೆ ಇಡು. ಆದ್ರೆ ಗಳಿಗೆಗೊಂದ್ಸಲ ಬಗ್ಗಿ ನೋಡುಕೆ ಬರಬೇಡ. ಮಗು ಏಳ್ತದೆ" ಎಂದಳು.

ಗಳಿಗೆಗೊಂದು ಸಲವೇ ಹೋದೆ. ಮೊಮ್ಮಗಳನ್ನು ನೋಡುವ ನೆವ ಹೇಳಿ ಹೋಗುವುದು, ಮಂಚದಡಿಗೆ ಬಗ್ಗಿ ಅಂಟಿನ ಬಣ್ಣ ನೋಡುವುದು. ಮಂಚದ ಮೇಲೆ ಅವಳು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಸಿಕೊಂಡು ಮಲಗಿರುತ್ತಿದ್ದಳು. ಅದರಡಿಯಲ್ಲಿ ಇದು ಟ್ಯೂಬು ಸುತ್ತಿಸಿಕೊಂಡು ಮಲಗಿರುತ್ತಿತ್ತು. ಕೊನೆಕೊನೆಗೆ ನಾನು ಬಗ್ಗುವುದನ್ನೇ ಮರೆತು ನಿಂತಿರುತ್ತಿದ್ದೆ. "ಅಪ್ಪ, ನಿನ್ನ ಕಾಲು ಕೆಳಗಿದೆ, ಇದು ನನ್ನ ಮಗು" ಎಂದು ಚೈತ್ರಾ ಎಚ್ಚರಿಸಬೇಕಾಗುತ್ತಿತ್ತು.

ಅಂಟು ತಿಳಿಯಾದ ಮೇಲೂ ಬಿಚ್ಚಲಿಲ್ಲ. ಹೊರತಂದು, ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ಬಿಚ್ಚಿದೆ. ಮೊದಲಿನದರ ಮೇಲಿಟ್ಟು ಕಿಟಕಿಗೆ ಹಿಡಿದೆ. ನಡುವೆ ಬೆಳಕು ನುಸುಳಲಿಲ್ಲ. ನಾನೇ ಹತ್ತಿ ಕೂತು ತೂಗಿಕೊಂಡೆ. ತುಳಸಿಕಟ್ಟೆ ಇದ್ದಲ್ಲೇ ಇತ್ತು. ಕುಮಟೆಗೆ ಫೋನು ಮಾಡಿದೆ.

"ಹೌದಾ? ಬತ್ತೆ, ನೋಡ್ವ" ಎಂದರು ಸುಶೀಲಕ್ಕ.

ನಾಮಕರಣದ ಬೆಳಿಗ್ಗೆ ತೊಟ್ಟಿಲನ್ನು ನಡುಮನೆಯ ಕೆಂಪು ನೆಲದ ಮೇಲಿಟ್ಟು ಹೂ ಸುತ್ತಿದರು. ರಂಗೋಲಿ ಹಾಕುವುದು ತಮ್ಮ ಪಾಲು ಎಂದು ಸುಶೀಲಕ್ಕ ಬಟ್ಟಲು ಹಿಡಿದು ಕೂತರು. ಸುತ್ತ ಹೂಬಳ್ಳಿ ಬಿಡಿಸಿದರು. ಆಮೇಲೆ ಬಾಗುಗಾಲುಗಳ ಪಕ್ಕಕ್ಕೆ, ಎರಡೂ ಬದಿಗೆ, ಒಂದೊಂದು ಗೆರೆ ಎಳೆದರು. ಹೊಲಿಗೆಯಷ್ಟು ನೇರ. ಮರಕ್ಕೂ ಗೆರೆಗೂ ನಡುವೆ ಒಂದು ಅಕ್ಕಿಕಾಳು ಹಿಡಿಯುವಷ್ಟು ಜಾಗ. ರಂಗೋಲಿಯಲ್ಲಿ ಅಂಥ ಗೆರೆಗೆ ಯಾವ ಕೆಲಸವೂ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ತೊಟ್ಟಿಲು ಒಂದು ಬೆರಳಷ್ಟು ತಿರುಗಿದರೆ ಗೆರೆ ಅಳಿಸಿ, ಬಿಳಿ ಪುಡಿ ಕೆಂಪು ನೆಲದ ಮೇಲೆ ಬಂದವರಿಗೆಲ್ಲ ಕಾಣುವಂತೆ ಹರಡುತ್ತಿತ್ತು.

ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ಅರಿಶಿನ ಕುಂಕುಮ ಇಟ್ಟು, ಟೊಪ್ಪಿಗೆ ತೊಡಿಸಿ ತಂದರು. ಮಗುವಿನ ಮೂರು ಪಟ್ಟು ಭಾರ. ಅದನ್ನು ತೊಟ್ಟಿಲಲ್ಲಿ ಮಲಗಿಸಿದರು. ಹೆಂಗಸರು ಹಾಡು ಎತ್ತಿಕೊಂಡರು. ಸುಶೀಲಕ್ಕ ಅಂಚು ಹಿಡಿದು ತೂಗಿದರು. ಮೆಲ್ಲಗೇನಲ್ಲ. ನಮ್ಮ ಕಡೆಯ ಹಾಡುಗಳಲ್ಲಿ ನುಡಿಗಳು ಬಹಳ. ಎಂದೂ ಅವು ಅಷ್ಟು ಬಹಳವೆಂದು ನನಗೆ ಅನಿಸಿರಲಿಲ್ಲ. ಎಲ್ಲರೂ ಕಲ್ಲಿನ ಟೊಪ್ಪಿಗೆ ನೋಡಿ ನಗುತ್ತಿದ್ದರು. ನಾನೂ ಸುಶೀಲಕ್ಕನೂ ನೆಲ ನೋಡುತ್ತಿದ್ದೆವು.

ಹಾಡು ಮುಗಿಯಿತು. ತೊಟ್ಟಿಲು ನಿಂತಿತು. ಸುಶೀಲಕ್ಕ ಸೆರಗು ಹಿಡಿದುಕೊಂಡು ಬಗ್ಗಿ ಒಂದು ಬದಿಯ ಗೆರೆ ನೋಡಿದರು. ಸುತ್ತು ಹಾಕಿ ಬಂದು ಇನ್ನೊಂದು ಬದಿಯದನ್ನು ನೋಡಿದರು. ಎರಡೂ ಎಳೆದ ಹಾಗೇ ಇದ್ದವು.

"ಅಡ್ಡಿಲ್ಲ" ಎಂದರು.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ನಾನು ಕೈಯಲ್ಲಿಲ್ಲದ ಚಾಕ್‌ಪೀಸಿನ ಪುಡಿ ಕೊಡವಿಕೊಂಡೆ.

ಕಲ್ಲನ್ನು ತೆಗೆದು ಮಗುವನ್ನು ಮಲಗಿಸಿದರು. ಮೈತ್ರಿ ಎಂದು ಹೆಸರಿಟ್ಟರು. ಬಂದವರ ಊಟ ಮುಗಿಯುವವರೆಗೂ ಅವಳು ತೊಟ್ಟಿಲಲ್ಲಿ ನಿದ್ದೆ ಮಾಡಿದಳು.